ಒಣಗುವ ಬಾಯಿ, ಸುರಿಯುವ ಜೊಲ್ಲು: ಅಫೀಮಿನ ಬಳಗದ ವ್ಯಸನ ಮತ್ತು ಲಾಲಾಗ್ರಂಥಿಗಳು

ಆಗಸ್ಟ್ 1ನ್ನು ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತೇವೆ. ಅದು ಇಳಕಲ್ಲಿನ ಪೂಜ್ಯ ಡಾ. ಮಹಾಂತ ಶಿವಯೋಗಿಗಳ ಜನ್ಮದಿನ. ಕಾಳುಕಡಿಗೆ ಬದಲು ಜನರ ದುಶ್ಚಟಗಳನ್ನೇ ಜೋಳಿಗೆಗೆ ಬೇಡಿದವರು ಅವರು. ಆ ಜೋಳಿಗೆಗೆ ಈಗ ಬೀಡಿ, ಗುಟಕಾಗಳ ಜೊತೆ ಮಾತ್ರೆಗಳೂ ಬೀಳಬೇಕಾದ ಕಾಲ ಬಂದಿದೆ. ಅಫೀಮು, ಹೆರಾಯಿನ್ ಮಾತ್ರವಲ್ಲ, ಕೊಡೀನ್ ಬೆರೆತ ಕೆಮ್ಮಿನ ಔಷಧ, ನೋವಿಗೆ ಕೊಡುವ ಟ್ರಮಡಾಲ್, ಟಪೆಂಟಡಾಲ್ ಕೂಡ ಇದೇ ಬಳಗದವು. ಟ್ರಮಡಾಲನ್ನು 2018ರಲ್ಲಿ ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ತರಲಾಯಿತು.

ಈ ವ್ಯಸನದ ಗುರುತುಗಳಲ್ಲಿ ಕೆಲವು ಬಾಯಲ್ಲಿ ಕಾಣುತ್ತವೆ. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ ಹೀಗೆ ಮೂರು ಜೋಡಿ ದೊಡ್ಡ ಲಾಲಾಗ್ರಂಥಿಗಳಿವೆ. ಒಟ್ಟಾರೆ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಲಾಲಾರಸ ಒಸರುತ್ತದೆ. ಆಯುರ್ವೇದವು ರುಚಿಯನ್ನು ತಿಳಿಸುವ ಕಫಕ್ಕೆ ಬೋಧಕವೆಂದು ಹೆಸರಿಟ್ಟು, ಅದರ ನೆಲೆ ನಾಲಿಗೆಯೆಂದು ಹೇಳಿದೆ. ಅಫೀಮಿನ ಬಳಗದ ಮದ್ದು ಈ ಗ್ರಂಥಿಗಳಿಗೆ ನರಗಳು ತರುವ ಆಜ್ಞೆಯನ್ನು ತಗ್ಗಿಸುತ್ತದೆ, ಸ್ರಾವ ಇಳಿಯುತ್ತದೆ. ಅತಿಸಾರವನ್ನು ಕಟ್ಟಲು ಶಾರ್ಙ್ಗಧರನ ಕಾಲದಿಂದ ವೈದ್ಯರು ಅಹಿಫೇನದಲ್ಲಿ ನೆಚ್ಚಿದ ಸ್ತಂಭನ ಗುಣವೇ ಬಾಯಿಯನ್ನೂ ಒಣಗಿಸುತ್ತದೆ.

ನಮ್ಮ ಕಡೆ ಇದನ್ನು ತಾಯಂದಿರು ಊಟದ ಹೊತ್ತಿನಲ್ಲಿ ಗಮನಿಸಬಹುದು. ಕಟಕಲು ರೊಟ್ಟಿ ನೀರಿಲ್ಲದೆ ಇಳಿಯುವುದಿಲ್ಲ. ಖಾರಕ್ಕಿಂತ ಬಣ್ಣಕ್ಕೇ ಹೆಸರಾದ ಬ್ಯಾಡಗಿ ಮೆಣಸಿನಕಾಯಿಯ ಚಟ್ನಿಯೂ ಬಾಯನ್ನು ಉರಿಸುತ್ತದೆ. ಒಣಬಾಯಿಯವನು ಪೆಪ್ಪರಮಿಂಟು, ತಂಪು ಪಾನೀಯಗಳ ಮೊರೆಹೋಗುತ್ತಾನೆ. ಆಮ್ಲವನ್ನು ತೊಳೆಯಲು ಲಾಲಾರಸವಿಲ್ಲದ ಬಾಯಿಗೆ ಸಕ್ಕರೆಯೂ ಸೇರಿದರೆ ಹಲ್ಲುಗಳು ಒಸಡಿನ ಅಂಚಿನಿಂದಲೇ ಹುಳುಕಾಗುತ್ತವೆ. ಆದರೆ ಮಧುಮೇಹದಿಂದಲೂ, ರಕ್ತದೊತ್ತಡ ಹಾಗೂ ಖಿನ್ನತೆಯ ಕೆಲವು ಔಷಧಗಳಿಂದಲೂ ಬಾಯಿ ಒಣಗುವುದುಂಟು. ಮಗನಿಗೆ ಬಾಯಾರಿದೊಡನೆ ಅವನ ಜೇಬು ತಡಕುವುದು ಬೇಡ.

ಮದ್ದು ನಿಂತಾಗ ಎಲ್ಲವೂ ತಿರುವುಮುರುವಾಗುತ್ತದೆ. ಅದುವರೆಗೆ ಮದ್ದಿನ ಒತ್ತಡಕ್ಕೆ ಎದುರಾಗಿ ತಳ್ಳುತ್ತಿದ್ದ ನರಕೋಶಗಳು, ಒತ್ತಡ ಹೋದರೂ ತಳ್ಳುತ್ತಲೇ ಇರುತ್ತವೆ. ಬೇಗ ಇಳಿಯುವ ಮದ್ದುಗಳಲ್ಲಿ 8ರಿಂದ 24 ಗಂಟೆಯೊಳಗೆ ಆಕಳಿಕೆ, ಕಣ್ಣು ಮೂಗುಗಳಲ್ಲಿ ನೀರು, ಬೆವರು, ವಾಂತಿ, ಭೇದಿ, ಕೆಲವರಲ್ಲಿ ಜೊಲ್ಲು ಸುರಿಯುವುದು ಶುರುವಾಗುತ್ತದೆ. ಎರಡು ಮೂರನೆಯ ದಿನ ಏರಿ, ವಾರ ಹತ್ತು ದಿನಗಳಲ್ಲಿ ತಗ್ಗುತ್ತದೆ. ಮನೆಯವರು ಇದನ್ನು ನೆಗಡಿಯೆಂದೋ ಗಾಳಿ ಸೋಕಿತೆಂದೋ ತಿಳಿಯುತ್ತಾರೆ. ಸಂಕಲ್ಪ ಮಾಡಿದವನನ್ನು ಕೋಣೆಯಲ್ಲಿ ಕೂಡಿಹಾಕುವವರೂ ಇದ್ದಾರೆ, ಇದು ತಪ್ಪು. ವಾಂತಿಭೇದಿಯಿಂದ ದೇಹದ ನೀರು ಬತ್ತಿದರೆ ಅಪಾಯ. ಅದಕ್ಕಿಂತ ದೊಡ್ಡ ಅಪಾಯ ಆಮೇಲಿನದು: ಕೆಲವು ದಿನ ಬಿಟ್ಟವನ ದೇಹ ಹಳೆಯ ಪ್ರಮಾಣವನ್ನು ತಾಳದು. ಮತ್ತೆ ಅಷ್ಟನ್ನೇ ತೆಗೆದುಕೊಂಡರೆ ಉಸಿರು ನಿಂತು ಸಾವು ಬರಬಹುದು.

ಒಗ್ಗಿದ ಅಹಿತವನ್ನು ಪಾದಪಾದವಾಗಿ, ಅಂದರೆ ಕಾಲುಭಾಗದಂತೆ ಬಿಡಬೇಕೆಂದು ಚರಕ ಹೇಳಿದ್ದಾನೆ. ಆದರೂ ಈ ವ್ಯಸನ ನಮ್ಮ ಕಷಾಯಗಳಿಂದ ಬಿಡಿಸುವಂಥದ್ದಲ್ಲವೆಂದು ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ. ಧಾರವಾಡದ ಡಿಮ್ಹಾನ್ಸ್‌ನಂತಹ ಮನೋವೈದ್ಯಕೀಯ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ. ಅಲ್ಲಿ ಬುಪ್ರೆನಾರ್ಫಿನ್ ಮಾತ್ರೆಯನ್ನು ನಾಲಿಗೆಯಡಿ ಇಡಲು ಕೊಟ್ಟರೆ, ಅದು ಪೂರ್ತಿ ಕರಗಿದ ಮೇಲೆ ನೀರಿನಿಂದ ಮುಕ್ಕಳಿಸಿ ನುಂಗಬೇಕು; ಹಲ್ಲುಜ್ಜಲು ಕನಿಷ್ಠ ಒಂದು ಗಂಟೆ ತಡೆಯಬೇಕು. ಇದರಿಂದ ಹಲ್ಲು ಕೆಡುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಎಚ್ಚರಿಸಿದೆ. ಹಲ್ಲಿಗೆ ಹೆದರಿ ಮಾತ್ರೆ ನಿಲ್ಲಿಸಬೇಡಿರಿ. ಒಣಬಾಯಿಗೆ ಆಗಾಗ ಗುಟುಕು ನೀರು, ಬೆಳಿಗ್ಗೆ ಎಳ್ಳೆಣ್ಣೆಯ ಗಂಡೂಷ ಹಿತ. ಹುಣಸೆ, ನಿಂಬೆ ಚೀಪುವುದು ಬೇಡ.