ಸಂಜೆಯಾಯಿತೆಂದರೆ ಅಳುವ ಕೂಸು

ಕೂಸು ಅಳತೊಡಗಿತೆಂದರೆ ಮನೆಯಲ್ಲಿದ್ದಷ್ಟು ಜನಕ್ಕೂ ಒಂದೊಂದು ಮದ್ದು ನೆನಪಾಗುತ್ತದೆ. ತೀರ್ಥಹಳ್ಳಿ ಕಡೆಯ ತವರಿನಲ್ಲಿ ನನ್ನ ಬಾಣಂತನ ನಡೆಯುತ್ತಿದ್ದಾಗ ಅಮ್ಮ ಓಮದ ನೀರು ಎಂದರೆ ಅಜ್ಜಿ ಬಜೆ ಎನ್ನುತ್ತಿದ್ದಳು. ನೋಡಲು ಬಂದ ನೆಂಟರು ಗ್ರೈಪ್ ವಾಟರ್ ಬಾಟಲಿಯನ್ನೇ ತಂದಿದ್ದರು. ಮಗಳಿಗೆ ಆಗ ತಿಂಗಳು ತುಂಬುತ್ತಿತ್ತು. ಹಗಲೆಲ್ಲ ಹಾಲು ಕುಡಿದು ಸುಖವಾಗಿ ಮಲಗಿರುತ್ತಿದ್ದವಳು ದೀಪ ಹಚ್ಚುವ ಹೊತ್ತಿಗೆ ಶುರು ಮಾಡಿದರೆ, ಮನೆಯವರ ಊಟವಾಗಿ ಪಾತ್ರೆ ತೊಳೆದಿಟ್ಟರೂ ನಿಲ್ಲಿಸುತ್ತಿರಲಿಲ್ಲ. ಮುಖ ಕೆಂಪಗೆ, ಮುಷ್ಟಿ ಬಿಗಿ, ಕಾಲು ಹೊಟ್ಟೆಗೆ ಮಡಚಿಕೊಂಡು ಒಂದೇ ಸಮನೆ ಅಳು.

ಮಕ್ಕಳ ಡಾಕ್ಟರು ಮೈಯೆಲ್ಲ ಪರೀಕ್ಷಿಸಿ, ತೂಕ ನೋಡಿ, ಇದು ಕಾಲಿಕ್ ಎಂದರು. 1954ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಮಾರಿಸ್ ವೆಸೆಲ್ ಇದಕ್ಕೊಂದು ಲೆಕ್ಕ ಕೊಟ್ಟಿದ್ದರು. ಬೇರೆ ಯಾವ ಕಾಯಿಲೆಯೂ ಇಲ್ಲದೆ, ಚೆನ್ನಾಗಿ ಮೈ ಹಿಡಿಯುತ್ತಿರುವ ಮಗು ದಿನಕ್ಕೆ 3 ಗಂಟೆಗೂ ಹೆಚ್ಚು, ವಾರದಲ್ಲಿ 3 ದಿನಕ್ಕೂ ಹೆಚ್ಚು, ಹೀಗೆ 3 ವಾರ ಮೀರಿ ಅತ್ತರೆ ಅದು ಕಾಲಿಕ್. ಈ ಅಳು ಆರನೇ ವಾರದ ಸುಮಾರಿಗೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ತಾನಾಗಿಯೇ ಇಳಿಯುತ್ತದೆ. ಇಂಥದ್ದೇ ಕಾರಣ ಎಂದು ವೈದ್ಯಶಾಸ್ತ್ರ ಇನ್ನೂ ಗೆರೆ ಎಳೆದು ಹೇಳಿಲ್ಲ. ಹೊಟ್ಟೆಯ ವಾಯುವೇ ಅಳಿಸುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಅಳುವಾಗ ಗಾಳಿ ನುಂಗಿ ನುಂಗಿಯೇ ಹೊಟ್ಟೆ ಗಟ್ಟಿಯಾಗುವುದೂ ಉಂಟು.

ಮನೆಗೆ ಬಂದ ಮೇಲೆ ಅಜ್ಜಿಯ ಮದ್ದುಗಳನ್ನು ಎರಡು ಪಾಲು ಮಾಡಿಕೊಂಡೆ. ಮೈಗೆ ಮಾಡುವುದೆಲ್ಲ ಇರಲಿ, ಬಾಯಿಗೆ ಹಾಕುವುದು ಯಾವುದೂ ಬೇಡ. ಹೇಳುವುದು ಸುಲಭವಿರಲಿಲ್ಲ. ಅಜ್ಜಿ ತೇಯುವ ಕಲ್ಲು ತೊಳೆದು, ಬಜೆ, ಅಳಲೆಕಾಯಿ, ಜಾಯಿಕಾಯಿ ಸಾಲಾಗಿಟ್ಟು, ಒಳಲೆಯನ್ನೂ ಪಕ್ಕದಲ್ಲಿ ಇಟ್ಟುಕೊಂಡು ಕೂತಿದ್ದಳು. "ನಿನ್ನಮ್ಮನಿಗೂ ಇದನ್ನೇ ಕೊಟ್ಟಿದ್ದು ಮಗಾ, ಅವಳಿಗೇನಾಗಿದೆ ಹೇಳು?" ಎಂದಳು. "ಬಾಯಿಗೆ ಬೇಡಜ್ಜಿ, ನಿನ್ನ ಕೈಲೇ ಹೊಟ್ಟೆಗೆ ಇಂಗು ಹಚ್ಚಿಕೊಡು" ಎಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಇಂಗಿನ ಡಬ್ಬಿ ತಂದಳು.

ಅಜ್ಜಿ ಇಂಗು ಹಚ್ಚುವುದನ್ನು ನೋಡಿಯೇ ಕಲಿಯಬೇಕು. ಒಂದು ಚಿಟಿಕೆ ಇಂಗನ್ನು ಬೆಚ್ಚನೆಯ ನೀರಿನಲ್ಲಿ ಬೆರಳಿಂದ ಕದಡುತ್ತಾಳೆ. ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಾಳೆ. ಹೊಕ್ಕುಳಿಗೆ ತಾಗದಂತೆ ಅದರ ಸುತ್ತ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ, ಅವಸರವಿಲ್ಲದೆ ಸವರುತ್ತಾಳೆ. ಆಮೇಲೆ ಎರಡೂ ಕಾಲು ಹಿಡಿದು ಮಂಡಿಯನ್ನು ಹೊಟ್ಟೆಗೆ ಒತ್ತಿ, ಬಿಟ್ಟು, ಮತ್ತೆ ಒತ್ತಿದರೆ ಸದ್ದಿನ ಸಮೇತ ವಾಯು ಹೋಗುತ್ತಿತ್ತು. ಕೆಲಸ ಮಾಡಿದ್ದು ಇಂಗೋ, ಅಜ್ಜಿಯ ಅಂಗೈಯೋ ಎಂದು ಕೇಳಿದರೆ ಅಂಗೈ ಎಂದೇ ನಾನು ಹೇಳುವುದು. ಅಂಗಡಿಯ ಇಂಗಿನಲ್ಲಿ ಗೋಂದು, ಹಿಟ್ಟು ಬೆರೆತಿರುತ್ತದೆ. ಕೂಸಿನ ಚರ್ಮ ಕೆಂಪಾದರೆ ತಕ್ಷಣ ತೊಳೆದು ಬಿಟ್ಟುಬಿಡಬೇಕು. ಹೊಕ್ಕುಳ ಬಳ್ಳಿ ಉದುರಿ ಗಾಯ ಪೂರ್ತಿ ಒಣಗುವ ತನಕ ಆ ಜಾಗಕ್ಕೆ ಏನನ್ನೂ ಹಚ್ಚಬಾರದು.

ವೀಳ್ಯದೆಲೆಗೆ ಹರಳೆಣ್ಣೆ ಸವರಿ ದೀಪದ ಮೇಲೆ ಬೆಚ್ಚಗೆ ಮಾಡಿ ಹೊಟ್ಟೆಗೆ ಇಡುವುದೂ ನಮ್ಮ ಕಡೆ ಉಂಟು. ಅದನ್ನು ನನ್ನ ಮಣಿಕಟ್ಟಿನ ಒಳಭಾಗಕ್ಕೆ ಇಟ್ಟು ನೋಡಿದ ಮೇಲೆಯೇ ಮಗಳಿಗೆ ಇಡಲು ಬಿಡುತ್ತಿದ್ದೆ. ನಮಗೆ ಹಿತವೆನಿಸುವ ಬಿಸಿಯಿಂದ ಕೂಸಿನ ಚರ್ಮಕ್ಕೆ ಸುಟ್ಟ ಗಾಯವಾಗಬಹುದು. ವೀಳ್ಯದೆಲೆಯ ತೊಟ್ಟನ್ನು ಎಣ್ಣೆಯಲ್ಲಿ ಅದ್ದಿ ಗುದದ್ವಾರಕ್ಕೆ ಹಾಕುವುದು, ಅಳುವ ಕೂಸಿನ ಹೊಟ್ಟೆಗೆ ಬರೆ ಹಾಕಿಸುವುದು ಇವೆರಡನ್ನೂ ಯಾರು ಹೇಳಿದರೂ ಕೇಳಬೇಡಿ. ಅವು ಮದ್ದಲ್ಲ, ಹಿಂಸೆ.

ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಎತ್ತಿಕೊಳ್ಳುವ ರೀತಿ. ನನ್ನ ಗಂಡ ಅವಳನ್ನು ಮುಂಗೈ ಮೇಲೆ ಬೋರಲು ಮಲಗಿಸಿಕೊಂಡು, ತಲೆಯನ್ನು ಮೊಣಕೈ ಮಡಿಕೆಗೆ ಆನಿಸಿ, ಕೈಕಾಲು ಇಳಿಬಿಟ್ಟು ಜಗಲಿಯಲ್ಲಿ ಆಚೀಚೆ ನಡೆಯುತ್ತಿದ್ದರು. ಹೊಟ್ಟೆಗೆ ಹಗುರವಾದ ಒತ್ತು, ನಡಿಗೆಯ ತೂಗು, ಅಪ್ಪನ ಮೈಯ ಶಾಖ, ಮೂರೂ ಒಟ್ಟಿಗೆ ಸಿಗುತ್ತಿತ್ತು. ಬೋರಲು ಹಿಡಿಯುವುದು ಎಚ್ಚರವಿದ್ದು ಎತ್ತಿಕೊಂಡಾಗ ಮಾತ್ರ. ಮಲಗಿಸುವುದು ಯಾವಾಗಲೂ ಅಂಗಾತ. ಸಂಜೆ ಬಚ್ಚಲಲ್ಲಿ ಅಮ್ಮ ಮಣೆ ಮೇಲೆ ಕೂತು, ಕಾಲು ಚಾಚಿ, ಅವಳನ್ನು ಕಾಲ ಮೇಲೆ ಮಲಗಿಸಿಕೊಂಡು ಉಗುರು ಬೆಚ್ಚಗಿನ ನೀರು ಹೊಯ್ದ ದಿನ ಅಳು ತಡವಾಗಿ ಶುರುವಾಗುತ್ತಿತ್ತು. ನೀರು ಹಾಕಿದ ಮೇಲೆ ಹಿಡಿಯುವ ಸಾಂಬ್ರಾಣಿ ಹೊಗೆಯನ್ನು ಮಾತ್ರ ನಿಲ್ಲಿಸಿದೆವು. ಎಳೆಯ ಶ್ವಾಸಕೋಶಕ್ಕೆ ಹೊಗೆ ಹೊಗೆಯೇ.

ಬಾಯಿಗೆ ಏಕೆ ಬೇಡ ಎಂದರೆ, ಬಜೆಯಲ್ಲಿ ಬೀಟಾ ಅಸರೋನ್ ಎಂಬ ಅಂಶವಿದೆ; ಇಲಿಗಳಲ್ಲಿ ಗಡ್ಡೆ ಬೆಳೆಸಿದ್ದು ಕಂಡು ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸದಂತೆ ತಡೆದಿದೆ. ತೇಯ್ದ ಮದ್ದಿನಲ್ಲಿ ಎಷ್ಟು ಇಳಿಯಿತೆಂದು ಅಳೆಯುವ ಉಪಾಯವೂ ಇಲ್ಲ. ಜೇನುತುಪ್ಪ ನೆಕ್ಕಿಸುವುದಂತೂ ವರ್ಷ ತುಂಬುವ ತನಕ ಬೇಡವೇ ಬೇಡ. ಅದರಲ್ಲಿ ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಾಣುಗಳಿರಬಹುದು, ಎಳೆಗೂಸಿನ ಕರುಳಿಗೆ ಅದನ್ನು ತಡೆಯುವ ಶಕ್ತಿ ಇರುವುದಿಲ್ಲ. ಗ್ರೈಪ್ ವಾಟರ್ ಹುಟ್ಟಿದ್ದು 1851ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ. ವಿಲಿಯಂ ವುಡ್‌ವರ್ಡ್ ತಯಾರಿಸಿದ ಮೊದಲ ಮದ್ದಿನಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆಯ ಜೊತೆ ಆಲ್ಕೋಹಾಲ್ ಕೂಡ ಇತ್ತು. ಈಗಿನದರಲ್ಲಿ ಆಲ್ಕೋಹಾಲ್ ಇಲ್ಲ, ನಿಜ. ಆದರೆ ಸಿಹಿ ನಾಲಿಗೆಗೆ ತಾಗಿದರೆ ಯಾವ ಕೂಸೂ ಗಳಿಗೆ ಹೊತ್ತು ಸುಮ್ಮನಾಗುತ್ತದೆ. ಅದನ್ನು ಗುಣವೆಂದು ಎಣಿಸಬಾರದು. ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ನೀರು ಕೂಡ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದರಲ್ಲಿ ಓಮದ ನೀರೂ ಸೇರಿತು. ನೀರಿಗೆ ಹೊಟ್ಟೆಯಲ್ಲಿ ಜಾಗ ಕೊಟ್ಟಷ್ಟೂ ಹಾಲು ಕಡಿಮೆಯಾಗುತ್ತದೆ.

ಇನ್ನು ಹಾಲು ಕುಡಿಸುವ ವಿಷಯ. ಹೆರಿಗೆಯಾಗಿ 42ನೇ ದಿನದವರೆಗೆ ಆಶಾ ಕಾರ್ಯಕರ್ತೆ ಮನೆಗೆ ಬಂದು ತಾಯಿ ಮಗುವನ್ನು ನೋಡುವ ವ್ಯವಸ್ಥೆ ಇದೆಯಲ್ಲ, ಹಾಗೆ ಬಂದವರು ತೂಕ ಬರೆದುಕೊಂಡು ಹೊರಡದೆ ನಾನು ಕುಡಿಸುವುದನ್ನು ಪಕ್ಕದಲ್ಲೇ ಕೂತು ನೋಡಿದರು. "ಅಕ್ಕಾ, ಕಿವಿಗೊಟ್ಟು ಕೇಳಿ. ಇವಳು ಹಾಲಿನ ಜೊತೆ ಗಾಳಿನೂ ನುಂಗ್ತಿದಾಳೆ" ಎಂದರು. ಕೇಳಿದೆ. ನಡುನಡುವೆ ಚಟ್ ಚಟ್ ಎಂಬ ಸದ್ದು ಬರುತ್ತಿತ್ತು. ಹಾಲು ಇಳಿದ ಕೂಡಲೇ ರಭಸಕ್ಕೆ ಕೆಮ್ಮಿ ಬಾಯಿ ಬಿಡುತ್ತಿದ್ದಳು, ಮತ್ತೆ ಹಿಡಿಯುವಾಗ ಬರೀ ತೊಟ್ಟಿನ ತುದಿಯನ್ನು ಹಿಡಿಯುತ್ತಿದ್ದಳು. ಅವರು ಹೇಳಿಕೊಟ್ಟಂತೆ ಅವಳು ಬಾಯಿ ದೊಡ್ಡದಾಗಿ ತೆರೆಯುವ ತನಕ ಕಾದು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗುವಂತೆ ಕೊಡತೊಡಗಿದೆ. ದಿಂಬಿಗೆ ಹಿಂದಕ್ಕೆ ಒರಗಿ ಅವಳನ್ನು ನನ್ನ ಎದೆ ಮೇಲೆ ಹಾಕಿಕೊಂಡಾಗ ಹಾಲಿನ ರಭಸವೂ ತಗ್ಗಿತು.

ಇನ್ನೊಂದು ಮಾತನ್ನೂ ಅವರೇ ಹೇಳಿದ್ದು. ಐದೈದು ನಿಮಿಷಕ್ಕೆ ಪಕ್ಕ ಬದಲಿಸದೆ ಒಂದು ಕಡೆ ಪೂರ್ತಿ ಕುಡಿದು ಬಿಟ್ಟ ಮೇಲೆ ಇನ್ನೊಂದು ಕಡೆ ಕೊಡಿ ಎಂದು. ಮೊದಲು ಬರುವ ಹಾಲು ತೆಳು, ಅದರಲ್ಲಿ ಕೊಬ್ಬು ಕಡಿಮೆ. ಕೊನೆಕೊನೆಗೆ ಬರುವುದು ಕೊಬ್ಬಿರುವ ಹಾಲು. ಬರೀ ತೆಳು ಹಾಲೇ ಹೊಟ್ಟೆ ತುಂಬಿದರೆ ಅದರ ಲ್ಯಾಕ್ಟೋಸ್ ಬೇಗ ಕರುಳಿಗಿಳಿದು ವಾಯುವಾಗಬಹುದು. ಕುಡಿದ ಮೇಲೆ ಭುಜದ ಮೇಲೆ ನೆಟ್ಟಗೆ ಹಾಕಿಕೊಂಡು ತೇಗು ಬರುವ ತನಕ ಬೆನ್ನು ಸವರುವುದನ್ನು ರಾತ್ರಿಯೂ ಬಿಡಲಿಲ್ಲ. ಅಳು ಪೂರ್ತಿ ನಿಲ್ಲಲಿಲ್ಲ, ಆದರೆ ಅದರ ಕಾವು ಇಳಿಯಿತು. ಬಾಟಲಿ ಹಾಲು ಕೊಡುವವರು ನಿಧಾನವಾಗಿ ಹರಿಯುವ ನಿಪ್ಪಲ್ ಬಳಸಿ, ಪುಡಿ ನೀರಿನ ಅಳತೆಯನ್ನು ಡಬ್ಬಿಯಲ್ಲಿ ಬರೆದಂತೆಯೇ ಇಡಬೇಕು.

ಬಾಣಂತಿಯ ಪಥ್ಯವನ್ನೂ ಇದಕ್ಕೆ ಗಂಟು ಹಾಕುತ್ತಾರೆ. ನೀನು ಬದನೆಕಾಯಿ ತಿಂದೆ, ಕಡಲೆಬೇಳೆ ತಿಂದೆ, ಅದಕ್ಕೇ ಕೂಸಿಗೆ ವಾಯು ಎಂದು. ತಾಯಿಯ ಕರುಳಿನ ವಾಯು ಹಾಲಿಗೆ ಇಳಿಯುವುದಿಲ್ಲ. ಹಾಲಿಗೆ ಇಳಿಯುವುದು ಪ್ರೋಟೀನಿನ ಅಂಶ. ಕೆಲವು ಮಕ್ಕಳಿಗೆ ಹಸುವಿನ ಹಾಲಿನ ಪ್ರೋಟೀನ್ ಒಗ್ಗುವುದಿಲ್ಲ. ಮಲದಲ್ಲಿ ರಕ್ತದ ಎಳೆ, ಮೈಮೇಲೆ ಕಜ್ಜಿಯಂಥ ಗಂಧೆ ಅದರ ಗುರುತು. ಡಾಕ್ಟರು ಹೇಳಿದ್ದಕ್ಕೆ ಎರಡು ವಾರ ಹಾಲು ಮೊಸರು ಬಿಟ್ಟು ನೋಡಿದೆ. ಏನೂ ವ್ಯತ್ಯಾಸ ಕಾಣದ್ದರಿಂದ ಅವರೇ ಮತ್ತೆ ತಿನ್ನಲು ಹೇಳಿದರು. ಕಾರಣವಿಲ್ಲದೆ ಬಾಣಂತಿಯ ತಟ್ಟೆಯಿಂದ ಒಂದೊಂದೇ ಪದಾರ್ಥ ತೆಗೆಯುತ್ತ ಹೋಗುವುದು, ನೀರು ಕುಡಿಯಬೇಡ ಎನ್ನುವುದು ದೊಡ್ಡ ಅನ್ಯಾಯ. ಔಷಧಿ ಅಂಗಡಿಯ ಹನಿಗಳಲ್ಲಿ ಸಿಮೆಥಿಕೋನ್ ಕಾಲಿಕ್‌ಗೆ ಬರೀ ನೀರಿಗಿಂತ ಮೇಲೆಂದು ಪರೀಕ್ಷೆಗಳಲ್ಲಿ ಕಂಡಿಲ್ಲ. ಲ್ಯಾಕ್ಟೋಬ್ಯಾಸಿಲಸ್ ರ‍್ಯೂಟೆರಿ ಎಂಬ ಪ್ರೋಬಯಾಟಿಕ್ ಎದೆಹಾಲು ಕುಡಿಯುವ ಮಕ್ಕಳಲ್ಲಿ ಅಳುವನ್ನು ಸ್ವಲ್ಪ ತಗ್ಗಿಸಿದ್ದುಂಟು. ಅದನ್ನೂ ಡಾಕ್ಟರನ್ನು ಕೇಳಿಯೇ ಕೊಡಬೇಕು.

ಯಾವ ಅಳುವಿಗೆ ಮನೆಮದ್ದು ನೋಡುತ್ತ ಕೂರಬಾರದು ಎಂಬುದು ಎಲ್ಲರಿಗೂ ಗೊತ್ತಿರಲಿ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ, ತೊಡೆ ಸಂದಿಯಲ್ಲಿ ಗಂಟು, ಹಾಲು ಬೇಡವೆನ್ನುವುದು, ಜೋಲು ಬೀಳುವುದು ಕಂಡರೆ ಆ ಹೊತ್ತಿನಲ್ಲೇ ಆಸ್ಪತ್ರೆಗೆ ಹೊರಡಬೇಕು. ಒಮ್ಮೊಮ್ಮೆ ತಾಯಿಯ ಕೂದಲು ಕೂಸಿನ ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತ ಕಟ್ಟಿರುತ್ತದೆ. ಕುಲಾವಿ, ಕಾಲುಚೀಲ ಬಿಚ್ಚಿ ಮೈಯೆಲ್ಲ ಒಮ್ಮೆ ನೋಡಿ.

ತಾಯಿಯ ಮಾತೂ ಇದೆ. ಒಂದು ರಾತ್ರಿ ಅವಳ ಅಳು ಕೇಳಿ ಕೇಳಿ ನನ್ನ ಕೈ ನಡುಗತೊಡಗಿತು. ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಾಗಿಲು ಓರೆ ಮಾಡಿ, ಅಂಗಳದಲ್ಲಿ ನಿಂತು ಉಸಿರು ತೆಗೆದುಕೊಂಡು ಬಂದೆ. ಸಿಟ್ಟಿನಲ್ಲಿ ಕೂಸನ್ನು ಒಮ್ಮೆ ಜೋರಾಗಿ ಅಲುಗಾಡಿಸಿದರೂ ಮಿದುಳಿಗೆ ಪೆಟ್ಟಾಗಬಹುದು. ಹತ್ತು ನಿಮಿಷ ತೊಟ್ಟಿಲಲ್ಲಿ ಅತ್ತರೆ ಏನೂ ಆಗುವುದಿಲ್ಲ. ದುಃಖ ದಿನಗಟ್ಟಲೆ ಬಿಡದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿರುವ ಗಂಡಸರಿಗೆ, ಅತ್ತೆಯರಿಗೆ, ಅಮ್ಮಂದಿರಿಗೆ ನನ್ನದೊಂದು ಕೋರಿಕೆ. ಸಂಜೆ ಕೂಸು ಅಳತೊಡಗಿದಾಗ ಇನ್ನೊಂದು ಮದ್ದು ಹುಡುಕುವ ಮೊದಲು ಅದನ್ನು ನಿಮ್ಮ ತೋಳಿಗೆ ತೆಗೆದುಕೊಳ್ಳಿ. ಬಾಣಂತಿಗೆ ಬಿಸಿಬಿಸಿ ಊಟ ಬಡಿಸಿ, ಒಂದು ತಾಸು ನಿದ್ದೆ ಮಾಡಲು ಬಿಡಿ.