ಆಡಂಬರವೋ, ಬರಿಯ ಮನರಂಜನೆಯೋ?

ನಮ್ಮ ವಾಚನಾಲಯದ ಉದ್ದ ಮೇಜಿನ ಸುತ್ತ ಈಚೆಗೆ ಒಂದು ಜಪಾನೀ ಚಿತ್ರಸರಣಿಯ ಬಗ್ಗೆ ವಾದವೆದ್ದಿತು. ‘ನಿಯಾನ್ ಜೆನೆಸಿಸ್ ಇವಾಂಗೆಲಿಯನ್’ ಎಂದು ಅದರ ಹೆಸರು. “ದೊಡ್ಡ ಮಾತುಗಳ ಆಡಂಬರ” ಎಂದರು ಒಬ್ಬರು. “ಯಂತ್ರಗಳ ಹೊಡೆದಾಟ, ಹುಡುಗರ ಆಟ” ಎಂದರು ಮತ್ತೊಬ್ಬರು. ಅದನ್ನು ಮೆಚ್ಚಿ ನೋಡಿದ್ದ ತರುಣ ಮಿತ್ರರೊಬ್ಬರು, ಪಾಳಿ ಮುಗಿಸಿ ನೇರವಾಗಿ ಬಂದವರು, ತಲೆ ತಗ್ಗಿಸಿ ಸುಮ್ಮನಾದರು. ಆ ಮೌನವೇ ಈ ಪಾಠಕ್ಕೆ ಕಾರಣ. ಮೆಚ್ಚಿದ್ದನ್ನು ಏಕೆ ಮೆಚ್ಚಿದೆನೆಂದು ಹೇಳಬಲ್ಲವನು ಯಾರ ಮುಂದೆಯೂ ನಾಚಬೇಕಾಗಿಲ್ಲ. ಹಾಗೆ ಹೇಳುವ ಬಗೆಯನ್ನು ನಾವೆಲ್ಲ ಕೂಡಿ ಕಲಿಯೋಣ.

ಮೊದಲು ಕೃತಿಯ ಪರಿಚಯ. ಹಿದೆಯಾಕಿ ಅನ್ನೋ ನಿರ್ದೇಶಿಸಿದ ಈ ಸರಣಿಯ 26 ಕಂತುಗಳು 1995ರ ಅಕ್ಟೋಬರಿನಿಂದ 1996ರ ಮಾರ್ಚಿಯವರೆಗೆ ಜಪಾನಿನ ದೂರದರ್ಶನದಲ್ಲಿ ಬಂದವು. ಕಥೆ ನಡೆಯುವುದು 2015ರಲ್ಲಿ. ಭಾರಿ ಅನಾಹುತವೊಂದರಲ್ಲಿ ಲೋಕದ ಅರ್ಧ ಜನ ಆಗಲೇ ಅಳಿದಿದ್ದಾರೆ. ದೇವದೂತರೆಂದು ಕರೆಯಲ್ಪಡುವ ವಿಚಿತ್ರ ಜೀವಿಗಳು ನಗರದ ಮೇಲೆ ಎರಗುತ್ತವೆ. ಹದಿನಾಲ್ಕು ವರ್ಷದ ಶಿಂಜಿಯನ್ನು, ಬಹುಕಾಲ ದೂರವಿಟ್ಟಿದ್ದ ತಂದೆಯೇ ಕರೆಸಿ, ದೈತ್ಯಾಕಾರದ ಯುದ್ಧಯಂತ್ರವನ್ನೇರಿ ಹೋರಾಡೆನ್ನುತ್ತಾನೆ.

ಇನ್ನು ಎರಡು ಮಾತುಗಳ ಅರ್ಥವನ್ನು ಬಿಡಿಸಿಕೊಳ್ಳೋಣ. ಆಡಂಬರವೆಂದರೆ ಇಲ್ಲದ ಆಳವನ್ನು ಇದೆಯೆಂದು ತೋರಿಸುವುದು. ಹೊರಗೆ ಥಳಕು, ಒಳಗೆ ಹುಳುಕು. ಹಗುರವಾದ ಮನರಂಜನೆಯೆಂದರೆ ಆಳದ ಗೊಡವೆಗೇ ಹೋಗದಿರುವುದು. ಎರಡನೆಯದು ತಪ್ಪಲ್ಲ, ದಿನವಿಡೀ ದುಡಿದವನಿಗೆ ನಗುವೂ ಬೇಕು. ಮೊದಲನೆಯದು ಮಾತ್ರ ಒಂದು ಬಗೆಯ ವಂಚನೆ. ಇವೆರಡನ್ನೂ ಒಂದೇ ಉಸಿರಿನಲ್ಲಿ ಬೈಗುಳವಾಗಿ ಬಳಸುವುದು ಸರಿಯಲ್ಲ.

ಪರೀಕ್ಷೆ ಹೇಗೆ? ನಾವು ಸೂಚಿಸುವುದು ಒಂದೇ ಉಪಾಯ: ಸಂಶಯ ಬಂದ ಅಂಶವನ್ನು ಮನಸ್ಸಿನಲ್ಲಿ ತೆಗೆದುಹಾಕಿ ನೋಡಿ. ಕೃತಿಗೆ ನಷ್ಟವಾದರೆ ಅದು ಅಂಗ, ಆಗದಿದ್ದರೆ ಆಭರಣ.

ಒಂದನೆಯದು, ಶಿಲುಬೆಗಳು. ಸಿಡಿಮದ್ದಿನ ಬೆಳಕು ಕೂಡ ಇಲ್ಲಿ ಶಿಲುಬೆಯಾಗಿ ಏಳುತ್ತದೆ. ಅವನ್ನು ತೆಗೆದರೂ ಹುಡುಗನ ಕಥೆ ಹಾಗೆಯೇ ನಿಲ್ಲುತ್ತದೆ. ಇಂಥ ಇತರ ಸರಣಿಗಳಿಂದ ಬೇರೆಯಾಗಿ ಕಾಣಲೆಂದು ಅವನ್ನು ಬಳಸಿದೆವು, ಅದರಲ್ಲಿ ಕ್ರೈಸ್ತ ಅರ್ಥವಿಲ್ಲ ಎಂದು ಸಹಾಯಕ ನಿರ್ದೇಶಕ ಕಾಜುಯಾ ತ್ಸುರುಮಾಕಿಯೇ ಮುಂದೆ ಒಪ್ಪಿಕೊಂಡರು. ಇಲ್ಲಿ ಆಡಂಬರದ ಆರೋಪ ನಿಲ್ಲುತ್ತದೆ.

ಎರಡನೆಯದು, ಮುಳ್ಳುಹಂದಿಯ ದೃಷ್ಟಾಂತ. ಜರ್ಮನ್ ತತ್ತ್ವಜ್ಞಾನಿ ಶೋಪೆನ್‌ಹೌವರ್ 1851ರಲ್ಲಿ ಹೇಳಿದ್ದು. ಚಳಿಗೆ ಮುಳ್ಳುಹಂದಿಗಳು ಒತ್ತಿಕೊಂಡರೆ ಮುಳ್ಳು ಚುಚ್ಚುತ್ತದೆ, ದೂರ ಸರಿದರೆ ಚಳಿ ಕೊರೆಯುತ್ತದೆ. ನಾಲ್ಕನೆಯ ಕಂತಿಗೆ ಇದೇ ಹೆಸರು. ಅದರಲ್ಲಿ ಶಿಂಜಿ ಮನೆ ಬಿಟ್ಟು ಹೋಗಿ ಗುರಿಯಿಲ್ಲದೆ ರೈಲಿನಲ್ಲಿ ಸುತ್ತುತ್ತಾನೆ. ಹತ್ತಿರ ಹೋದರೆ ನೋವು, ಒಂಟಿಯಾದರೆ ಅದಕ್ಕಿಂತ ನೋವು. ಈ ದೃಷ್ಟಾಂತವನ್ನು ತೆಗೆದರೆ ಸರಣಿಯ ಬೆನ್ನೆಲುಬೇ ಮುರಿಯುತ್ತದೆ. ಇದು ಎರವಲು ಪಾಂಡಿತ್ಯವಲ್ಲ, ಕೃತಿಯ ಜೀವ. ಒಂದೇ ಕೋಣೆಯಲ್ಲಿ ಐದಾರು ಜನ ಬಾಳುವ ನಮ್ಮವರಿಗೆ ಇದನ್ನು ವಿವರಿಸಬೇಕೆ?

ಮೂರನೆಯದು, ಯುದ್ಧಗಳು. ಇವು ಕಣ್ಣಿಗೆ ಹಬ್ಬವೆಂಬುದು ನಿಜ. ಆದರೆ ಹುಡುಗನ ಅಂಜಿಕೆ ನಮಗೆ ಕಾಣುವುದು ಅವುಗಳಲ್ಲಿಯೇ. ಆದಕಾರಣ ಅವನ್ನು ಬರಿಯ ಆಟವೆನ್ನಲಾಗದು.

ನಾಲ್ಕನೆಯದು, ಕೊನೆಯ ಎರಡು ಕಂತುಗಳು. ಯುದ್ಧ ಮಾಯವಾಗಿ, ನಿಂತ ಚಿತ್ರಗಳೂ ಒಳಮನಸ್ಸಿನ ಮಾತುಗಳೂ ತುಂಬುತ್ತವೆ. ಕಡೆಯಲ್ಲಿ ಎಲ್ಲರೂ ಸುತ್ತ ನಿಂತು ಶಿಂಜಿಗೆ ಚಪ್ಪಾಳೆ ತಟ್ಟುತ್ತಾರೆ. ಅನೇಕ ಪ್ರೇಕ್ಷಕರು ಕೆರಳಿದರು. 1997ರಲ್ಲಿ ಬೇರೊಂದು ಮುಕ್ತಾಯ ಚಲನಚಿತ್ರವಾಗಿ ಬಂತು. ಈ ಎರಡು ಕಂತುಗಳು ತೊಡಕಾಗಿವೆ, ಕೆಲವೆಡೆ ಬೇಸರವನ್ನೂ ತರುತ್ತವೆ. ಆದರೆ ನಾಲ್ಕು ವರ್ಷ ಏನನ್ನೂ ಮಾಡಲಾಗದೆ ಕುಗ್ಗಿದ್ದೆನೆಂದು ಅನ್ನೋ ಅವರು ಸರಣಿಗೆ ಮುನ್ನವೇ ಬರೆದಿದ್ದರು. ಆ ನೋವು ಸೋಗಿನದಲ್ಲ. ಹೇಳಲು ಹೊರಟು ಎಡವುವುದು ಬೇರೆ, ಹೇಳಲು ಏನೂ ಇಲ್ಲದೆ ನಟಿಸುವುದು ಬೇರೆ.

ಹೀಗೆ ನಮ್ಮ ತೀರ್ಪು: ಉಡುಗೆಯಲ್ಲಿ ಆಡಂಬರವುಂಟು, ಒಡಲು ಟೊಳ್ಳಲ್ಲ.

ಕೊನೆಗೊಂದು ಸಣ್ಣ ದೃಶ್ಯ. ಮೇಲಧಿಕಾರಿಯಾದ ಮಿಸಾತೊ ಎಂಬಾಕೆ ಶಿಂಜಿಯನ್ನು ತನ್ನ ಮನೆಗೆ ಕರೆತರುತ್ತಾಳೆ. ಅವನು ಹೊಸ್ತಿಲಲ್ಲಿ ಪರಕೀಯನಂತೆ ಕ್ಷಮೆ ಕೇಳಿ ನಿಂತಾಗ, ಇದು ನಿನ್ನದೇ ಮನೆ ಎನ್ನುತ್ತಾಳೆ. ಆಗ ಅವನು ಅಳುಕುತ್ತ “ತದಾಯಿಮ” ಎನ್ನುತ್ತಾನೆ. ಜಪಾನಿನಲ್ಲಿ ತಮ್ಮ ಮನೆಗೆ ಮರಳಿದವರು ಆಡುವ ಮಾತದು. ಇದನ್ನು ತೆಗೆದುಹಾಕಲು ನಮ್ಮಿಂದಾಗಲಿಲ್ಲ. ಅಂದು ಸುಮ್ಮನಾದ ಮಿತ್ರರು ಮೆಚ್ಚಿದ್ದು ಬಹುಶಃ ಇಂಥದನ್ನೇ ಇರಬೇಕು. ಮುಂದಿನ ಭಾನುವಾರ ಮೇಜಿನ ಬಳಿ ಅವರೇ ಮೊದಲು ಮಾತನಾಡಲಿ, ನಾವು ಕೇಳುತ್ತೇವೆ.