ಅಪ್ಪನ ಬೈಕಿಗೆ ಕಟರ್ ಇಡಬೇಡಿ, ರೇಸ್ ಬೈಕ್ ಖಂಡಿತ ಮಾಡಿ

ಪ್ರಶ್ನೆ: ನನಗೆ 29 ವರ್ಷ. ತುಮಕೂರಿನಲ್ಲಿ ಕೆಲಸ. ನಮ್ಮಪ್ಪ ತೀರಿಕೊಂಡು ಎರಡು ವರ್ಷವಾಯಿತು. ಅವರು 1984ರಲ್ಲಿ ಕೊಂಡ ರಾಜ್‌ದೂತ್ ಯಮಹಾ 350 ಊರಿನ ಮನೆಯ ಕೊಟ್ಟಿಗೆಯಲ್ಲಿ ಹತ್ತು–ಹನ್ನೆರಡು ವರ್ಷದಿಂದ ನಿಂತಲ್ಲೇ ನಿಂತಿದೆ. ನನಗೆ ಹಳೇ ಅಮೆರಿಕನ್ ಸೂಪರ್‌ಬೈಕ್ ರೇಸುಗಳ ಹುಚ್ಚು. ಎಡ್ಡಿ ಲಾಸನ್ ಓಡಿಸುತ್ತಿದ್ದ ಹಸಿರು ಕವಾಸಕಿಯ ಚಿತ್ರ ನನ್ನ ಕೋಣೆಯ ಗೋಡೆಯ ಮೇಲಿದೆ. ಅಪ್ಪನ ಬೈಕನ್ನು ಅಂಥದ್ದೇ ರೇಸ್ ಬೈಕ್ ಮಾಡಿ, ಒಮ್ಮೆಯಾದರೂ ಚೆನ್ನೈ ಟ್ರ್ಯಾಕ್‌ನಲ್ಲಿ ಓಡಿಸಬೇಕೆಂಬ ಆಸೆ. ಎರಡೂವರೆ ಲಕ್ಷ ಕೂಡಿಟ್ಟಿದ್ದೇನೆ. ಹಿಂದಿನ ಫ್ರೇಮ್ ಕತ್ತರಿಸಿ ಸಿಂಗಲ್ ಸೀಟ್ ಕೂರಿಸಿ, ಹ್ಯಾಂಡಲ್ ಕೆಳಗಿಳಿಸಿ, ರೇಸಿಂಗ್ ಸೈಲೆನ್ಸರ್ ಹಾಕಿದರೆ ಆಯಿತು ಅನ್ನುತ್ತಾರೆ ಇಲ್ಲಿನ ಮೆಕ್ಯಾನಿಕ್. "ಅಪ್ಪನ ಗಾಡಿಗೆ ಕೈ ಹಚ್ಚಿದರೆ ನಾನು ಸುಮ್ಮನಿರಲ್ಲ" ಅಂತ ಅಣ್ಣ ಹೇಳಿ, ಈಗ ಫೋನೂ ಎತ್ತುತ್ತಿಲ್ಲ. ಅಮ್ಮನಿಗೆ ಅದನ್ನು ನೋಡಿದರೇ ಸಂಕಟ, ನಾನು ಓಡಿಸುತ್ತೇನೆಂದರೆ ಭಯ, ಮಾರಿಬಿಡಿ ಅನ್ನುತ್ತಾರೆ. ನಾನು ಆಸೆ ಬಿಡಬೇಕೋ, ಹಟ ಹಿಡಿಯಬೇಕೋ ತಿಳಿಯುತ್ತಿಲ್ಲ.

— ಹೆಸರು ಬೇಡ, ತುಮಕೂರು

ಉತ್ತರ: ಅಪ್ಪನನ್ನು ಕಳೆದುಕೊಂಡವರು ನೀವು ಮೂವರೂ. ಅಣ್ಣನ ಸಿಟ್ಟು, ಅಮ್ಮನ ಸಂಕಟ, ನಿಮ್ಮ ಆಸೆ, ಮೂರಕ್ಕೂ ಮೂಲ ಅದೇ ದುಃಖ. ಅದು ಮನಸ್ಸಿನಲ್ಲಿರಲಿ. ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ: ಬೈಕ್ ಮಾರಬೇಡಿ. ರೇಸ್ ಟ್ರ್ಯಾಕಿಗೆ ಖಂಡಿತ ಸಜ್ಜು ಮಾಡಿ. ಆದರೆ ಫ್ರೇಮಿಗೆ ಕಟರ್ ತಾಗಿಸಬೇಡಿ, ವೆಲ್ಡಿಂಗ್ ಮಾಡಿಸಬೇಡಿ. ಏನೇ ಬದಲಾಯಿಸಿದರೂ ಸ್ಪ್ಯಾನರ್ ಹಿಡಿದು ಒಂದೆರಡು ದಿನದಲ್ಲಿ ಮೊದಲಿನಂತೆ ಮಾಡುವ ಹಾಗಿರಲಿ. ಇದು ಅಣ್ಣನ ಮನಸ್ಸು ಉಳಿಸಲು ಮಾಡಿಕೊಂಡ ರಾಜಿಯಲ್ಲ. ನೀವು ಮೆಚ್ಚಿದ ಸೂಪರ್‌ಬೈಕ್‌ಗಳ ನಿಜವಾದ ದಾರಿಯೇ ಅದು.

ಗೋಡೆಯ ಮೇಲಿರುವ ಆ ಚಿತ್ರವನ್ನು ಇನ್ನೊಮ್ಮೆ ಗಮನಿಸಿ. ಹ್ಯಾಂಡಲ್ ಅಗಲವಾಗಿ, ಎತ್ತರಕ್ಕಿದೆ. ಟ್ಯಾಂಕು, ಪಕ್ಕದ ಪ್ಯಾನೆಲ್ಲು, ಸೀಟಿನ ಆಕಾರ ಎಲ್ಲವೂ ಅಂಗಡಿಯಲ್ಲಿ ಸಿಗುತ್ತಿದ್ದ ಬೈಕಿನದೇ. ಅಮೆರಿಕದಲ್ಲಿ ಸೂಪರ್‌ಬೈಕ್ ರಾಷ್ಟ್ರೀಯ ಚಾಂಪಿಯನ್‌ಶಿಪ್ ಆಗಿದ್ದು 1976ರಲ್ಲಿ. ಜನ ಕೊಂಡು ರಸ್ತೆಯಲ್ಲಿ ಓಡಿಸುವ ಬೈಕುಗಳನ್ನೇ ರೇಸಿಗೆ ಇಳಿಸಬೇಕು, ನೋಡಲು ಹಾಗೆಯೇ ಇರಬೇಕು ಎಂಬುದು ಅದರ ಜೀವಾಳ. ಡೇಟೋನಾದಲ್ಲಿ ನಡೆದ ಅದರ ಮೊದಲ ರೇಸಿನಲ್ಲಿ ಸ್ಟೀವ್ ಮೆಕ್‌ಲಾಫ್ಲಿನ್, ರೆಗ್ ಪ್ರಿಡ್‌ಮೋರ್ ಇಬ್ಬರೂ ಬಿಎಂಡಬ್ಲ್ಯು ಆರ್90ಎಸ್ ಮೇಲೆ ಬಂದು, ಕೂದಲೆಳೆಯ ಅಂತರದಲ್ಲಿ ಮೆಕ್‌ಲಾಫ್ಲಿನ್ ಗೆದ್ದರು. ಅದು ಉದ್ದದ ಪ್ರಯಾಣಕ್ಕೆಂದು ಜನ ಕೊಳ್ಳುತ್ತಿದ್ದ ಬೈಕು. ಆ ವರ್ಷದ ಚಾಂಪಿಯನ್ ಪಟ್ಟ ಪ್ರಿಡ್‌ಮೋರ್‌ಗೆ ಸಿಕ್ಕಿತು. ಲಾಸನ್ 1981 ಮತ್ತು 1982ರಲ್ಲಿ ಗೆದ್ದದ್ದೂ ರಸ್ತೆಯ ಕವಾಸಕಿಯನ್ನೇ ತಿದ್ದಿದ ಬೈಕಿನಿಂದ. ಆಗಿನ ಎಂಜಿನ್‌ಗಳ ಶಕ್ತಿಯನ್ನು ಫ್ರೇಮು, ಬ್ರೇಕು, ಟೈರು ತಡೆದುಕೊಳ್ಳುತ್ತಿರಲಿಲ್ಲ. ವೇಗ ಏರಿದಂತೆ ಬೈಕ್ ಅಲುಗಾಡುತ್ತಿತ್ತು. ಆದ್ದರಿಂದ ಒಳ್ಳೆಯ ತಂಡಗಳು ಬೈಕನ್ನು ನೆಟ್ಟಗೆ ಓಡಿಸುವುದಕ್ಕೆ, ನಿಲ್ಲಿಸುವುದಕ್ಕೆ ಎಂಜಿನ್ನಿನಷ್ಟೇ ತಲೆ ಕೆಡಿಸಿಕೊಂಡವು. ಹಿಂಭಾಗ ಕತ್ತರಿಸಿ ಹ್ಯಾಂಡಲ್ ಕೆಳಗಿಳಿಸುವುದು ಬೇರೆಯದೇ ಶೈಲಿ, ಕೆಫೆ ರೇಸರ್ ಶೈಲಿ. ನಿಮಗೆ ಬೇಕಾದ್ದು ಅದಲ್ಲ.

ನಿಮ್ಮ ಕೈಲಿರುವ ಬೈಕಿನ ಬೆಲೆಯೂ ನಿಮಗೆ ಗೊತ್ತಿರಲಿ. ಯಮಹಾ ಆರ್‌ಡಿ350 ಬೈಕನ್ನೇ ಎಸ್ಕಾರ್ಟ್ಸ್ ಕಂಪನಿ ರಾಜ್‌ದೂತ್ ಹೆಸರಿನಲ್ಲಿ ಫರೀದಾಬಾದಿನಲ್ಲಿ 1983ರಿಂದ ತಯಾರಿಸಿತು. 347 ಸಿಸಿ, ಎರಡು ಸಿಲಿಂಡರಿನ ಟೂ-ಸ್ಟ್ರೋಕ್, ಆರು ಗೇರು. 1984ರದ್ದೆಂದರೆ ಮೊದಲ ಕಂತಿನ ಹೈ-ಟಾರ್ಕ್ ಮಾದರಿ, 30.5 ಬಿಎಚ್‌ಪಿ. ಆಮೇಲೆ ಬಂದ ಲೋ-ಟಾರ್ಕ್ 27ಕ್ಕೆ ಇಳಿಯಿತು. ಇದೇ ಬೈಕಿನ ಜಪಾನ್ ಮಾದರಿ ಎಪ್ಪತ್ತರ ದಶಕದಲ್ಲಿ ಅಮೆರಿಕ, ಬ್ರಿಟನ್‌ಗಳ ಕ್ಲಬ್ ರೇಸುಗಳಲ್ಲಿ ಸಾಮಾನ್ಯ ಹುಡುಗರ ನೆಚ್ಚಿನ ಗಾಡಿಯಾಗಿತ್ತು. ರೇಸಿನ ಗುಣ ಅದರಲ್ಲಿ ಹುಟ್ಟಿನಿಂದಲೇ ಇದೆ. ಭಾರತಕ್ಕೆ ಬರುವಾಗ ಅದು ಕಳೆದುಕೊಂಡ ದೊಡ್ಡ ಸಂಗತಿ ಮುಂದಿನ ಡಿಸ್ಕ್ ಬ್ರೇಕ್. ನಮ್ಮ ಬೈಕಿಗೆ ಬಂದದ್ದು ಡ್ರಮ್. ಈ ಮಾತಿಗೆ ಮತ್ತೆ ಬರುತ್ತೇನೆ.

ಕತ್ತರಿಸಬೇಡಿ ಅನ್ನಲು ಕಾನೂನಿನ ಕಾರಣವೂ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನವನ್ನು ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. 2021ರಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಿಮ್ಮ ಬೈಕಿಗೆ 2034ರಲ್ಲಿ 50 ತುಂಬುತ್ತದೆ. ಇಂದು ಒಂದು ಮಧ್ಯಾಹ್ನದಲ್ಲಿ ಕತ್ತರಿಸಿ ಎಸೆಯುವ ಹಿಂದಿನ ಫ್ರೇಮ್ ಆ ಬಾಗಿಲನ್ನೇ ಮುಚ್ಚಿಬಿಡಬಹುದು. ಬಣ್ಣ ಹೊಡೆಸುವಾಗಲೂ ಹೆಡ್ ಪೈಪಿನ ಮೇಲಿರುವ ಚಾಸಿಸ್ ನಂಬರನ್ನು ಟೇಪ್ ಹಚ್ಚಿ ಕಾಪಾಡಿ. ಗ್ರೈಂಡರ್ ತಾಗಿ ಅದು ಮಸುಕಾದರೆ ಆರ್‌ಟಿಒ ಕಚೇರಿಯಲ್ಲಿ ಗಾಡಿ ನಿಮ್ಮದೆಂದು ತೋರಿಸುವುದೇ ಕಷ್ಟ.

ಆರ್‌ಸಿ ಬಗ್ಗೆ ನೀವು ಏನೂ ಬರೆದಿಲ್ಲ. ಅದು ಇನ್ನೂ ಅಪ್ಪನ ಹೆಸರಿನಲ್ಲೇ ಇದ್ದರೆ ಸ್ಪ್ಯಾನರ್ ಹಿಡಿಯುವ ಮೊದಲು ಅದನ್ನು ಸರಿ ಮಾಡಿ. ಮಾಲೀಕರು ತೀರಿಕೊಂಡರೆ ಮೂರು ತಿಂಗಳೊಳಗೆ ವಾರಸುದಾರರು ಫಾರಂ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು. ತಡವಾಗಿದೆ ನಿಜ, ದಂಡ ಕಟ್ಟಿ ಮಾಡಿಸಿಕೊಳ್ಳಿ. 15 ವರ್ಷ ದಾಟಿದ ಬೈಕಾದ್ದರಿಂದ ನೋಂದಣಿ ಐದೈದು ವರ್ಷಕ್ಕೆ ನವೀಕರಣವಾಗಿರಬೇಕು, ಅದನ್ನೂ ನೋಡಿ. ಇದಕ್ಕೆಲ್ಲ ಅಮ್ಮನ, ಅಣ್ಣನ ಒಪ್ಪಿಗೆ ಪತ್ರ ಬೇಕಾಗುತ್ತದೆ. ಅಂದರೆ ಬೈಕು ಇವತ್ತಿಗೆ ನಿಮ್ಮೊಬ್ಬರದಲ್ಲ, ಮೂವರದೂ ಹೌದು. ಅಣ್ಣನ ಸಿಟ್ಟಿನಲ್ಲಿ ಈ ನ್ಯಾಯವಿದೆ. ಅದನ್ನು ನೀವೇ ಮೊದಲು ಒಪ್ಪಿಕೊಂಡರೆ ಮಾತು ಸುಲಭವಾಗುತ್ತದೆ.

ಇನ್ನು ಕೆಲಸ. ಎಷ್ಟೇ ಆಸೆಯಾದರೂ ಹೋದವರೇ ಕಿಕ್ ಹೊಡೆಯಬೇಡಿ. ವರ್ಷಗಟ್ಟಲೆ ನಿಂತ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್‌ನ ಎರಡೂ ತುದಿಯ ಸೀಲುಗಳು ಒಣಗಿ ಗಟ್ಟಿಯಾಗಿರುತ್ತವೆ. ಅಲ್ಲಿಂದ ಗಾಳಿ ಒಳಕ್ಕೆ ಎಳೆದುಕೊಂಡರೆ ಪೆಟ್ರೋಲಿನ ಪಾಲು ಕಮ್ಮಿಯಾಗಿ ಪಿಸ್ಟನ್ ವಿಪರೀತ ಕಾದು ಬೋರಿಗೆ ಹಿಡಿದುಕೊಳ್ಳುತ್ತದೆ. ಎರಡೂ ಪ್ಲಗ್ ಬಿಚ್ಚಿ, ಬೋರಿಗೆ ಸ್ವಲ್ಪ ಆಯಿಲ್ ಬಿಟ್ಟು, ಒಂದು ರಾತ್ರಿ ಹಾಗೇ ಬಿಡಿ. ಮಾರನೆಯ ದಿನ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ. ತಿರುಗಿದರೆ ಸಂತೋಷ, ಆದರೂ ಎಂಜಿನ್ ಬಿಚ್ಚಿ ಸೀಲು, ಬೇರಿಂಗ್ ಹೊಸದು ಹಾಕಿಸಲೇಬೇಕು. ರೀಡ್ ವಾಲ್ವಿನ ತೆಳು ಪಟ್ಟಿಗಳನ್ನು ಬೆಳಕಿಗೆ ಹಿಡಿದು ಅಂಚು ಚಕ್ಕೆ ಎದ್ದಿದೆಯೇ ನೋಡಿ, ಆ ಚೂರು ಸಿಲಿಂಡರಿಗೆ ಹೋದರೆ ಪಿಸ್ಟನ್ ಹಾಳು. ಈ ಬೈಕಿನಲ್ಲಿ ಆಯಿಲನ್ನು ಪಂಪೇ ಎಂಜಿನ್ನಿಗೆ ಕೊಡುತ್ತದೆ. ಆ ಪೈಪುಗಳಲ್ಲಿ ಗಾಳಿ ಸೇರಿರುತ್ತದೆ. ಅದನ್ನು ಹೊರಹಾಕಿ, ಪಂಪ್ ನಂಬಿಕೆಗೆ ಬರುವ ತನಕ ಪೆಟ್ರೋಲಿಗೂ ಟೂ-ಟಿ ಆಯಿಲ್ ಬೆರೆಸಿಯೇ ಹಾಕಿ.

ಬ್ರೇಕಿನ ವಿಷಯಕ್ಕೆ ಬರುತ್ತೇನೆ. ಹಣ ಮೊದಲು ಖರ್ಚಾಗಬೇಕಾದ್ದು ಇಲ್ಲಿ. ಮುಂದಿನ ಡ್ರಮ್ಮಿನಲ್ಲಿ ಎರಡು ಬ್ರೇಕ್ ಶೂಗಳಿವೆ, ಅವೆರಡನ್ನೂ ಹೊರಗಿನ ಒಂದು ಕಡ್ಡಿ ಜೋಡಿಸುತ್ತದೆ. ಎರಡೂ ಶೂ ಒಂದೇ ಗಳಿಗೆಗೆ ಡ್ರಮ್ಮಿಗೆ ತಾಗಬೇಕು. ಎಷ್ಟೋ ಗಾಡಿಗಳಲ್ಲಿ ಒಂದು ಮೊದಲು ತಾಗಿ, ಇನ್ನೊಂದು ನೆಪಕ್ಕೆ ಇರುತ್ತದೆ. "ಆರ್‌ಡಿಗೆ ಬ್ರೇಕೇ ಇಲ್ಲ" ಎಂಬ ದೂರಿನಲ್ಲಿ ಇದರ ಪಾಲು ದೊಡ್ಡದು. ಲೇತ್‌ನಲ್ಲಿ ಡ್ರಮ್ಮಿನ ಒಳಮೈ ಸಮ ಮಾಡಿಸಿ, ಶೂಗಳಿಗೆ ಹೊಸ ಲೈನಿಂಗ್ ಹಾಕಿಸಿ. ಮುಂದಿನ ಚಕ್ರ ಎತ್ತಿ ನಿಲ್ಲಿಸಿ ತಿರುಗಿಸುತ್ತಾ, ಆ ಕಡ್ಡಿಯನ್ನು ಸ್ವಲ್ಪಸ್ವಲ್ಪವೇ ಹೊಂದಿಸಿ, ಎರಡೂ ಒಟ್ಟಿಗೆ ಹಿಡಿಯುವ ಬಿಂದು ಹುಡುಕಿ. ಇಷ್ಟಾದರೂ ಟ್ರ್ಯಾಕಿನಲ್ಲಿ ಮೇಲಿಂದ ಮೇಲೆ ಜೋರಾಗಿ ಹಿಡಿದರೆ ಡ್ರಮ್ ಕಾದು ಹಿಡಿತ ಸಡಿಲವಾಗುತ್ತದೆ. ಆದ್ದರಿಂದ ಟ್ರ್ಯಾಕಿಗೆ ಡಿಸ್ಕ್ ಇರುವ ಬೇರೆ ಚಕ್ರ, ಬೇರೆ ಫೋರ್ಕ್ ಜೋಡಿಸಿಕೊಳ್ಳುವುದು ಒಳ್ಳೆಯದು. ಮೂಲ ಚಕ್ರವನ್ನು ಡ್ರಮ್ ಸಮೇತ ಹಾಗೆಯೇ ಎತ್ತಿಡಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದ ತಯಾರಿಕೆ ಎಂದರ್ಥ. ಕೊಟ್ಟಿಗೆಯಲ್ಲಿ ನಿಂತ ಟೈರ್ ಎಷ್ಟೇ ಹೊಸದರಂತೆ ಕಂಡರೂ ರಬ್ಬರ್ ಗಟ್ಟಿಯಾಗಿರುತ್ತದೆ, ಎಸೆಯಿರಿ. ಸ್ಪೋಕ್, ಚಕ್ರದ ಬೇರಿಂಗ್, ಹ್ಯಾಂಡಲಿನ ಬೇರಿಂಗ್, ಸ್ವಿಂಗ್ ಆರ್ಮ್ ಬುಷ್ ಎಲ್ಲ ಹೊಸದಾಗಲಿ. ಇವು ಕಣ್ಣಿಗೆ ಕಾಣದ ಖರ್ಚುಗಳು. ಬೈಕು ತಿರುವಿನಲ್ಲಿ ನಿಮ್ಮ ಮಾತು ಕೇಳುವುದು ಇವುಗಳಿಂದಲೇ.

ಮೆಕ್ಯಾನಿಕ್ ಹೇಳುವ ರೇಸಿಂಗ್ ಸೈಲೆನ್ಸರ್ ಕೊನೆಯ ಸಾಲಿನದು. ಹೊಟ್ಟೆ ಉಬ್ಬಿದ ಆ ಪೈಪು ಸದ್ದಿಗೆಂದು ಹುಟ್ಟಿದ್ದಲ್ಲ. ಅದರೊಳಗೆ ಒತ್ತಡದ ಅಲೆ ಹೋಗಿ ತಿರುಗಿ ಬಂದು, ಹೊರಗೆ ಜಾರುತ್ತಿರುವ ಹೊಸ ಮಿಶ್ರಣವನ್ನು ಸಿಲಿಂಡರಿಗೆ ವಾಪಸ್ ತಳ್ಳುತ್ತದೆ. ಇದನ್ನು ಪಳಗಿಸಿದವರು ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್. ಅವರ ತಂಡದ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ದೇಶ ಬಿಟ್ಟು ಸುಜುಕಿ ಸೇರಿದಾಗ ಆ ವಿದ್ಯೆ ಜಪಾನಿಗೂ ಹೋಯಿತು. ಪೈಪ್ ಬದಲಾಯಿಸಿದರೆ ಕಾರ್ಬುರೇಟರಿನ ಜೆಟ್ ಕೂಡ ದೊಡ್ಡದಾಗಬೇಕು. ಇಲ್ಲದಿದ್ದರೆ ಒಂದೆರಡು ಸುತ್ತಿನಲ್ಲೇ ಪಿಸ್ಟನ್ ಹೋಗುತ್ತದೆ. ಜೋರಾಗಿ ಓಡಿಸಿ ಎಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಿ: ಕಾಫಿ ಬಣ್ಣವಿದ್ದರೆ ಸರಿ, ಬೆಳ್ಳಗಿದ್ದರೆ ಕೂಡಲೇ ನಿಲ್ಲಿಸಿ. ಎರಡೂ ಸಿಲಿಂಡರಿನ ಪಾಯಿಂಟ್ ಬೇರೆ ಬೇರೆ, ಟೈಮಿಂಗ್ ಎರಡಕ್ಕೂ ಪ್ರತ್ಯೇಕವಾಗಿ ಕೂರಿಸಬೇಕು. ಇದನ್ನು ಬಲ್ಲ ಹಳೇ ಟೂ-ಸ್ಟ್ರೋಕ್ ಮೆಕ್ಯಾನಿಕ್ ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಇದ್ದಾರೆ, ಹುಡುಕಿ ಹೋಗಿ. ಮೊದಲ ಭೇಟಿಯಲ್ಲೇ ಕಟರ್ ತೆಗೆಯುವವರಿಗೆ ಈ ಬೈಕ್ ಕೊಡಬೇಡಿ.

ಎರಡೂವರೆ ಲಕ್ಷವನ್ನು ಈ ಕ್ರಮದಲ್ಲಿ ಹಂಚಿ: ಬ್ರೇಕು, ಚಕ್ರ, ಟೈರು ಮೊದಲು, ಆಮೇಲೆ ಎಂಜಿನ್, ಆಮೇಲೆ ನಿಮ್ಮ ಹೆಲ್ಮೆಟ್, ಲೆದರ್ ಸೂಟು, ಗ್ಲೌಸು, ಬೂಟು, ಬಣ್ಣ ಕಟ್ಟಕಡೆಗೆ. ಕಾಲುಭಾಗ ಮುಟ್ಟದೆ ಇಡಿ. ಹಳೇ ಎಂಜಿನ್ ಬಿಚ್ಚಿದ ಮೇಲೆ ಏನಾದರೂ ಹೊಸ ಖರ್ಚು ಎದ್ದೇ ಏಳುತ್ತದೆ.

ಈಗ ಅಣ್ಣ. ಅವರ ಹತ್ತಿರ ಅಪ್ಪಣೆ ಕೇಳಲು ಹೋಗಬೇಡಿ, ಪಾಲುದಾರಿಕೆ ಕೇಳಿ. "ಅಣ್ಣಾ, ಒಂದು ಬೋಲ್ಟೂ ಎಸೆಯಲ್ಲ, ಫ್ರೇಮ್ ಮುಟ್ಟಲ್ಲ. ಅಪ್ಪನ ಟ್ಯಾಂಕು, ಸೀಟು, ಸೈಲೆನ್ಸರ್ ನಿನ್ನ ವಶದಲ್ಲೇ ಇರಲಿ" ಎನ್ನಿ. ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಪ್ರತಿ ಭಾಗವನ್ನೂ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಚೀಟಿ ಅಂಟಿಸಿ ಡಬ್ಬಿಗೆ ಹಾಕಿ. ಆ ಪಟ್ಟಿ ಬರೆಯುವ ಕೆಲಸ ಅಣ್ಣನಿಗೇ ಬಿಡಿ. ಅಪ್ಪನ ಕೈ ಸವೆಸಿದ ಗ್ರಿಪ್, ಅವರು ಬಿಗಿದ ನಟ್ಟು ಎದುರಿಗಿದ್ದಾಗ ಇಬ್ಬರ ಬಾಯಲ್ಲೂ ಮಾತು ಹೊರಡುತ್ತದೆ. ಅಷ್ಟಾದ ಮೇಲೂ ಅವರು ಬೇಡವೇ ಬೇಡ ಎಂದರೆ, ಅಪ್ಪನ ಬೈಕನ್ನು ಇಬ್ಬರೂ ಸೇರಿ ಮೂಲ ಸ್ಥಿತಿಗೆ ತನ್ನಿ. ಟ್ರ್ಯಾಕಿಗೆ ಒಂದು ಹಳೇ ಯಮಹಾ ಆರ್‌ಎಕ್ಸ್100 ಕೊಂಡುಕೊಳ್ಳಿ. ರೇಸ್ ಕಲಿಯಲು ಅದು ಯಾವುದಕ್ಕೂ ಕಡಿಮೆಯಲ್ಲ.

ಅಮ್ಮನ ಭಯಕ್ಕೆ ಸಮಾಧಾನದ ಮಾತು ಸಾಲದು, ಷರತ್ತು ಬೇಕು. ರೇಸಿಗೆ ಸಜ್ಜಾದ ಬೈಕನ್ನು ರಸ್ತೆಗೆ ಇಳಿಸುವುದಿಲ್ಲ ಎಂದು ಮಾತು ಕೊಡಿ, ಉಳಿಸಿಕೊಳ್ಳಿ. ಲೈಟು, ಕನ್ನಡಿ ತೆಗೆದ ಗಾಡಿ ಟೆಂಪೋದಲ್ಲೇ ಹೋಗಲಿ. ನೀವು ಹೇಳುವ ಚೆನ್ನೈನ ಇರುಂಗಾಟ್ಟುಕೋಟೈ ಟ್ರ್ಯಾಕ್ ಬೆಂಗಳೂರು–ಚೆನ್ನೈ ಹೆದ್ದಾರಿಯ ಬದಿಯಲ್ಲೇ ಇದೆ, ಒಂದು ಸುತ್ತು ಸುಮಾರು 3.7 ಕಿ.ಮೀ. ಅಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ, ಹಸು ಅಡ್ಡ ಬರುವುದಿಲ್ಲ, ಆಂಬುಲೆನ್ಸ್ ಪಕ್ಕದಲ್ಲೇ ನಿಂತಿರುತ್ತದೆ. ಮೊದಲು ತರಬೇತಿ ಶಾಲೆಯ ಟ್ರ್ಯಾಕ್ ಡೇಗೆ ಸೇರಿ, ಹಳೇ ಬೈಕ್ ತರಬಹುದೇ ಎಂದು ಮುಂಚೆಯೇ ಕೇಳಿ ಒಪ್ಪಿಗೆ ಪಡೆಯಿರಿ. ಸ್ಪರ್ಧೆಗೆ ಇಳಿಯುವುದಾದರೆ ದೇಶದ ಮೋಟಾರ್ ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಕೊಡುವ ಲೈಸೆನ್ಸ್ ಬೇಕು. ಸಾಧ್ಯವಾದರೆ ಅಮ್ಮನನ್ನೂ ಒಮ್ಮೆ ಕರೆದುಕೊಂಡು ಹೋಗಿ ಆ ವ್ಯವಸ್ಥೆ ತೋರಿಸಿ.

ಆಸೆ ಬಿಡಬೇಡಿ, ಹಟವನ್ನೂ ಹಿಡಿಯಬೇಡಿ. ಈ ಭಾನುವಾರ ಊರಿಗೆ ಹೋಗಿ. ಅಣ್ಣ ಫೋನ್ ಎತ್ತದಿದ್ದರೆ ಮನೆ ಬಾಗಿಲಿಗೇ ಹೋಗಿ, ಆರ್‌ಸಿ ಪತ್ರ ಮುಂದಿಟ್ಟು ಮೂವರೂ ಕೂತು ಮಾತಾಡಿ. ಬೈಕಿನ ಕೆಲಸ ಅಲ್ಲಿಂದ ಶುರುವಾಗಲಿ.